ಬೀಗದೊಳಗಿನ ಒಂಬತ್ತು ಗಂಟೆಗಳು

ಒಪ್ಪಂದದ ಹಾಳೆಯಲ್ಲಿ ‘ಅರವತ್ತು ವರ್ಷ’ ಎಂದು ಬರೆದವಳು ನಾನೇ. ತಿಪ್ಪಸಂದ್ರದ ಕಡೆಯ ಒಂದು ಹಳ್ಳಿಯಲ್ಲಿ, ಸೂಲಗಿತ್ತಿ ಅಜ್ಜಿಯೊಬ್ಬರ ಮನೆಯ ಜಗಲಿಯ ಮೇಲೆ ಕೂತು ಬರೆದೆ. ಹೆಬ್ಬೆಟ್ಟು ಒತ್ತುವ ಮುಂಚೆ ಅಜ್ಜಿ ಒಂದೇ ಒಂದು ಮಾತು ಕೇಳಿದ್ದರು.

“ನಾನ್ ಯೋಳಿದ್ದು, ಆ ಮಕ್ಳೆಲ್ಲ ಮಣ್ಣಾಗೋಗಂಟ ಯಾರ ಕಿವೀಗೂ ಬೀಳಕ್ಕಿಲ್ಲ ತಾನೇ?”

“ಬೀಳಲ್ಲ ಅಜ್ಜಿ. ಈ ಬೀಗ ಒಡೆಯೋಕೆ ಯಾರ ಕೈಲೂ ಆಗಲ್ಲ,” ಎಂದಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ನನಗೆ ಅನ್ನಿಸಿರಲಿಲ್ಲ.

ಮಾಗಡಿಯಲ್ಲಿ ಒಂದು ಟ್ರಸ್ಟ್ ನಡೆಸುವ ಗ್ರಂಥಾಲಯದ ಡಿಜಿಟಲ್ ವಿಭಾಗ ನನ್ನ ಜವಾಬ್ದಾರಿ. ಓಲೆಗರಿ, ಹಳೆಯ ಶಾಲೆಗಳ ದಾಖಲಾತಿ ಪುಸ್ತಕ, ಕೆರೆ ನೀರಿನ ಸರದಿಯ ಪಟ್ಟಿ, ಪದ ಹಾಡುವವರ ಧ್ವನಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಕಾಪಾಡುತ್ತೇವೆ. ಹೆಚ್ಚಿನದನ್ನು ಯಾರು ಬೇಕಾದರೂ ನೋಡಬಹುದು, ಕೇಳಬಹುದು. ಒಂದು ಭಾಗವನ್ನು ಮಾತ್ರ ಮುಚ್ಚಿಟ್ಟಿದ್ದೆವು. ಅದನ್ನು ನಾವು ಮೊಹರು ವಿಭಾಗ ಎನ್ನುತ್ತಿದ್ದೆವು. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ಅಜ್ಜಿಯ ಧ್ವನಿಮುದ್ರಣ, ಒಟ್ಟು ಒಂಬತ್ತು ಗಂಟೆ.

ಅಜ್ಜಿ ನಲವತ್ತು ವರ್ಷ ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿದವರು. ಅಡ್ಡ ತಿರುಗಿದ ಕೂಸನ್ನು ಹೊಟ್ಟೆಯ ಮೇಲಿಂದಲೇ ನೀವಿ ಸರಿಮಾಡುವುದು, ಸತ್ತೆ, ಅಂದರೆ ಮಾಸು, ಬೀಳದಿದ್ದರೆ ಏನು ಕುಡಿಸಬೇಕು, ಬಾಣಂತಿ ನಂಜಿಗೆ ಯಾವ ಸೊಪ್ಪು, ಎಲ್ಲವೂ ಅದರಲ್ಲಿತ್ತು. ಅದರ ಜೊತೆಗೇ ಇನ್ನೊಂದೂ ಇತ್ತು. ಮದುವೆಯಾಗದ ಹುಡುಗಿಯರಿಗೆ ಹುಟ್ಟಿದ, ಒಂದು ಮನೆಯಿಂದ ಇನ್ನೊಂದು ಮನೆಗೆ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಕೊಟ್ಟ ಕೂಸುಗಳ ವಿಷಯ. ಯಾರದು, ಯಾರಿಗೆ, ಯಾವ ಊರು ಎಂದು ಅಜ್ಜಿ ಹೆಸರು ಹಿಡಿದು ಹೇಳಿದ್ದರು. ಅವರ ಪಾಲಿಗೆ ಅದು ಬೇರೆ ವಿಷಯವಾಗಿರಲಿಲ್ಲ. ಔಷಧಿ ಹೇಳುತ್ತ ಹೇಳುತ್ತ ಆ ಔಷಧಿ ಕುಡಿದವಳ ಹೆಸರು ಬರುತ್ತಿತ್ತು.

ಇದಾಗಿ ನಾಲ್ಕು ವರ್ಷದ ಮೇಲೆ ರಾಮನಗರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಗ್ರಂಥಾಲಯದವರಿಗಾಗಿ ಒಂದು ದಿನದ ತರಬೇತಿ ಇತ್ತು. ಮಧ್ಯಾಹ್ನದ ಪಾಠ ಕ್ವಾಂಟಮ್ ಕಂಪ್ಯೂಟರಿನ ಬಗ್ಗೆ. ಊಟದ ಮೇಲಿನ ತರಗತಿ. ಅರ್ಧ ಜನ ತೂಕಡಿಸುತ್ತಿದ್ದರು. ಪಾಠ ಮಾಡುತ್ತಿದ್ದ ಪ್ರಾಧ್ಯಾಪಕರು ಒಂದು ಮಾತು ಹೇಳಿದಾಗ ನಾನು ನೆಟ್ಟಗೆ ಕೂತೆ.

“ಕಳ್ಳರು ಇವತ್ತೇ ಓದಬೇಕು ಅಂತ ಇಲ್ಲ. ಬೀಗ ಹಾಕಿರೋ ಫೈಲನ್ನ ಹಾಗೇ ನಕಲು ಮಾಡಿ ಇಟ್ಕೊಳ್ತಾರೆ. ಆ ಮೆಷಿನ್ ಬಂದ ದಿನ ತೆಗೀತಾರೆ. ಅದು ಹತ್ತು ವರ್ಷಕ್ಕೆ ಬರಬಹುದು, ಮೂವತ್ತಕ್ಕೆ ಬರಬಹುದು. ಯಾರಿಗೂ ಗೊತ್ತಿಲ್ಲ.”

ತರಗತಿ ಮುಗಿದ ಮೇಲೆ ಅವರನ್ನು ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿದೆ. ನಮ್ಮ ಬೀಗ ಎರಡು ಹಂತದ್ದು ಎಂದು ವಿವರಿಸಿದೆ. ಮೊದಲು ಧ್ವನಿಯ ಫೈಲನ್ನು ಒಂದು ಉದ್ದನೆಯ ಗುಪ್ತ ಸಂಖ್ಯೆಯಿಂದ ಕಲಸಿ ಅರ್ಥವಾಗದಂತೆ ಮಾಡುತ್ತೇವೆ. ಆ ಸಂಖ್ಯೆಯೇ ಅದರ ಕೀ. ಆಮೇಲೆ ಆ ಕೀಯನ್ನು ಇನ್ನೊಂದು ಬಗೆಯ ಬೀಗದೊಳಗಿಟ್ಟು ಫೈಲಿನ ತಲೆಗೇ ಅಂಟಿಸುತ್ತೇವೆ.

“ಮೊದಲನೇದು ಗಟ್ಟಿ. ಕ್ವಾಂಟಮ್ ಬಂದರೂ ಅದಕ್ಕೆ ದೊಡ್ಡ ಅಪಾಯ ಇಲ್ಲ,” ಎಂದರು. “ಎರಡನೇದು ಯಾವುದು? ಆರ್‌ಎಸ್‌ಎ ತಾನೇ?”

“ಹೌದು ಸರ್.”

ತೊಂದರೆ ಇರುವುದೇ ಅಲ್ಲಿ ಎಂದು ಅವರು ಬಿಡಿಸಿ ಹೇಳಿದರು. ಆ ಎರಡನೆಯ ಬೀಗ ನಿಂತಿರುವುದು ಒಂದು ಲೆಕ್ಕದ ಮೇಲೆ. ಎರಡು ಭಾರಿ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ. ಗುಣಲಬ್ಧವನ್ನು ಮಾತ್ರ ಕೊಟ್ಟು ಆ ಎರಡನ್ನು ಹುಡುಕು ಎಂದರೆ ಇವತ್ತಿನ ಕಂಪ್ಯೂಟರುಗಳಿಗೆ ಯುಗಗಳೇ ಸಾಲವು. ಕ್ವಾಂಟಮ್ ಕಂಪ್ಯೂಟರ್ ಸಾಕಷ್ಟು ದೊಡ್ಡದಾಗಿ ಬೆಳೆದರೆ ಅದು ಹುಡುಕಿಬಿಡುತ್ತದೆ. ಆಗ ಎರಡನೆಯ ಬೀಗ ಬಿಚ್ಚಿಕೊಳ್ಳುತ್ತದೆ, ಅದರೊಳಗಿನ ಕೀ ಸಿಗುತ್ತದೆ. ಮೊದಲನೆಯ ಬೀಗ ಎಷ್ಟೇ ಗಟ್ಟಿಯಿದ್ದರೂ ಕೀ ಸಿಕ್ಕ ಮೇಲೆ ಏನು ಬಂತು?

ಮಾಗಡಿಗೆ ವಾಪಸು ಬರುವ ಬಸ್ಸಿನಲ್ಲಿ ಎಣಿಸುತ್ತ ಕೂತೆ. ಅಜ್ಜಿ ಹೇಳಿದ ಕೂಸುಗಳಲ್ಲಿ ಕೆಲವರಿಗೆ ಈಗ ಐವತ್ತು ದಾಟಿದೆ. ಇನ್ನು ಹದಿನೈದು ವರ್ಷಕ್ಕೆ ಆ ಮೆಷಿನ್ ಬಂದರೆ ಅವರು ಬದುಕಿರುತ್ತಾರೆ. ಅವರ ಮಕ್ಕಳು, ಮೊಮ್ಮಕ್ಕಳು ಇರುತ್ತಾರೆ.

ನಮ್ಮ ಟ್ರಸ್ಟಿನ ಕಾರ್ಯದರ್ಶಿಗಳಿಗೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಹಣೆಯಲ್ಲಿ ವಿಭೂತಿ, ಕಿವಿಯ ಹಿಂದೆ ಪೆನ್ಸಿಲ್. ಮರುದಿನ ಅಂಗಡಿಯಲ್ಲೇ ನಿಂತು ಎಲ್ಲ ಹೇಳಿದೆ. ಮೊಳೆ ತೂಗುತ್ತಲೇ ಕೇಳಿಸಿಕೊಂಡರು.

“ಅಲ್ಲಮ್ಮ, ಇನ್ನೂ ಉಟ್ದೆ ಇರೋ ಮಿಷನ್ನಿಗೆ ಇವಾಗ್ಲೇ ಹೆದರ್ಕಬೇಕಾ?”

“ಹುಟ್ಟೋ ಹೊತ್ತಿಗೆ ನಾವು ತಯಾರಾಗಿರಬೇಕು ಸರ್.”

ಅವರು ಮೊಳೆಯ ಪೊಟ್ಟಣ ಕಟ್ಟಿ ಗಿರಾಕಿಗೆ ಕೊಟ್ಟರು. “ನಾನೂ ಬೀಗ ಮಾರೋನೇ. ಯಾವ ಬೀಗಕ್ಕೂ ಅರವತ್ತು ವರ್ಸ ಗ್ಯಾರಂಟಿ ಕೊಟ್ಟೋನಲ್ಲ. ನೀವು ಅದೆಂಗೆ ಬರ್ಕೊಟ್ರಿ?” ಎಂದರು. ಬೈಯುವ ದನಿಯಲ್ಲಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. “ಮಾಡಿ ಮಾಡಿ, ಏನ್ ಬೇಕೋ ಮಾಡಿ,” ಎಂದು ಒಪ್ಪಿಗೆ ಕೊಟ್ಟರು.

ಪ್ರಾಧ್ಯಾಪಕರು ಫೋನಿನಲ್ಲೇ ದಾರಿ ತೋರಿಸಿದರು. ಗ್ರಂಥಾಲಯದ ಉಳಿದ ಸಂಗ್ರಹಕ್ಕೆ ಕ್ವಾಂಟಮ್ ದಾಳಿಯನ್ನು ತಡೆಯಲೆಂದೇ ರೂಪಿಸಿದ ಹೊಸ ಬಗೆಯ ಬೀಗ ಹಾಕಬಹುದು. ಆದರೆ ಮೊಹರು ವಿಭಾಗಕ್ಕೆ ಅವರು ಬೇರೆಯದೇ ಉಪಾಯ ಹೇಳಿದರು. ಕೀಯನ್ನು ಫೈಲಿನ ಜೊತೆ ಇಡುವುದೇ ಬೇಡ. ಅದನ್ನು ಮೂರು ಪಾಲು ಮಾಡಿ ಕಾಗದದ ಮೇಲೆ ಮುದ್ರಿಸಿ ಮೂವರ ಬಳಿ ಇಡುವುದು. ಯಾವುದೇ ಎರಡು ಪಾಲು ಸೇರಿದರೆ ಕೀ ಸಿಗಬೇಕು, ಒಂದೇ ಪಾಲಿನಿಂದ ಏನೂ ತಿಳಿಯಬಾರದು. ಅದಕ್ಕೊಂದು ಗಣಿತವಿದೆ, ಅದನ್ನು ಯಾವ ಕಂಪ್ಯೂಟರೂ ಮುರಿಯಲಾಗದು ಎಂದರು. ಅಜ್ಜಿಗೆ ನಾನು ಹೇಳಿದ್ದ ‘ಯಾರ ಕೈಲೂ ಆಗಲ್ಲ’ ಎಂಬ ಮಾತೇ ಮತ್ತೆ ಕೇಳಿದಂತಾಗಿ, ಈ ಸಲ ನನಗೆ ಸಮಾಧಾನವಾಗಲಿಲ್ಲ.

ಹೊಸ ಬೀಗ ಹಾಕಬೇಕಾದರೆ ಹಳೆಯದನ್ನು ತೆರೆಯಬೇಕು. ಆ ಎರಡನೆಯ ಬೀಗವನ್ನು ತೆರೆಯುವ ಕೀ ಒಂದು ಟೋಕನ್ನಿನಲ್ಲಿತ್ತು. ಪೆನ್‌ಡ್ರೈವಿನಂಥ ಸಣ್ಣ ವಸ್ತು; ಪಿನ್ ಹಾಕಿದರೆ ಮಾತ್ರ ಕೆಲಸ ಮಾಡುತ್ತದೆ, ಮೂರು ಸಲ ತಪ್ಪಿದರೆ ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. ಪಿನ್ನಿನ ಮೊದಲ ನಾಲ್ಕು ಅಂಕಿ ನನ್ನವು, ಕೊನೆಯ ನಾಲ್ಕು ಕಾರ್ಯದರ್ಶಿಗಳವು. ಅವರು ತಮ್ಮದನ್ನು ಚೀಟಿಯಲ್ಲಿ ಬರೆದು ಗ್ರಂಥಾಲಯದ ಕಬ್ಬಿಣದ ಬೀರುವಿನಲ್ಲಿಟ್ಟಿದ್ದರು. ಕನ್ನಡ ಅಂಕಿಗಳಲ್ಲಿ ಬರೆದಿದ್ದರು. ಬೀರುವಿಗೆ ಮಳೆಗಾಲದಲ್ಲಿ ಸ್ವಲ್ಪ ತೇವ ಹೊಕ್ಕು, ನಡುವಿನ ಒಂದು ಅಂಕಿಯ ಶಾಯಿ ಕದಡಿತ್ತು.

“ಇದು ಆರು,” ಎಂದರು ಕಾರ್ಯದರ್ಶಿಗಳು. ಹಾಕಿದೆ. ತಪ್ಪು ಎಂದಿತು.

“ಹಂಗಾದ್ರೆ ಒಂಬತ್ತು.” ಹಾಕಿದೆ. ಅದೂ ತಪ್ಪು.

ಉಳಿದದ್ದು ಒಂದೇ ಅವಕಾಶ. ನಾನು ಟೋಕನ್ನನ್ನು ಕಿತ್ತು ಮೇಜಿನ ಮೇಲಿಟ್ಟೆ. ಕಾರ್ಯದರ್ಶಿಗಳು ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಭೂತಗನ್ನಡಿ ಹಿಡಿದಾಗ ಕಂಡಿತು: ಕೊನೆಯ ಅಂಕಿಯನ್ನು ನಾವು ಸೊನ್ನೆ ಎಂದುಕೊಂಡಿದ್ದೆವು, ಅದು ಒಂದು. ಶಾಯಿ ಹರಡಿ ಬಾಯಿ ಮುಚ್ಚಿಕೊಂಡಿತ್ತು. ಸರಿ, ಆದರೆ ಆರೋ ಒಂಬತ್ತೋ? ಟ್ರಸ್ಟಿನ ಹಳೆಯ ನಡಾವಳಿ ಪುಸ್ತಕಗಳನ್ನು ತೆಗೆದೆವು. ಅವುಗಳ ಪುಟಸಂಖ್ಯೆ ಅವರೇ ಬರೆದದ್ದು. ಪುಟ ಅರವತ್ತಾರು, ತೊಂಬತ್ತೊಂಬತ್ತು, ಎಲ್ಲ ತಿರುವಿ ಅವರು ಆರು ಹೇಗೆ ಬರೆಯುತ್ತಾರೆ, ಒಂಬತ್ತು ಹೇಗೆ ಬರೆಯುತ್ತಾರೆ ಎಂದು ಒಂದು ಗಂಟೆ ನೋಡಿದೆವು. ಒಂಬತ್ತರ ಬಾಲವನ್ನು ಅವರು ತಪ್ಪದೆ ಮೇಲಕ್ಕೆ ಎಳೆಯುತ್ತಿದ್ದರು. ಚೀಟಿಯಲ್ಲಿದ್ದದ್ದಕ್ಕೆ ಬಾಲವೇ ಇರಲಿಲ್ಲ.

“ಆರೇ ಕಣಮ್ಮ. ಹಾಕಿ. ಆಗಿದ್ದಾಗ್ಲಿ.”

ತೆರೆದುಕೊಂಡಿತು. ಕಾರ್ಯದರ್ಶಿಗಳು ಕುರ್ಚಿಯಲ್ಲಿ ಕೂತು ಟವಲಿನಿಂದ ಮುಖ ಒರೆಸಿಕೊಂಡರು.

ನಾನು ಅದನ್ನೇ ದೊಡ್ಡ ಗಂಡಾಂತರ ಎಂದುಕೊಂಡಿದ್ದೆ. ನಿಜವಾದದ್ದು ಮೂರು ದಿನದ ಮೇಲೆ ಬಂತು.

ಪ್ರತಿ ಫೈಲಿನ ಮೂರು ಪ್ರತಿಗಳನ್ನು ಮೂರು ಕಡೆ ಇಡುವುದು ನಮ್ಮ ಪದ್ಧತಿ. ಒಂದು ಮಾಗಡಿಯಲ್ಲಿ, ಒಂದು ರಾಮನಗರದಲ್ಲಿ, ಮೂರನೆಯದು ಮೊದಲು ಒಂದು ಸಣ್ಣ ಕಂಪನಿಯಿಂದ ಬಾಡಿಗೆಗೆ ಪಡೆದ ಸರ್ವರಿನಲ್ಲಿತ್ತು. ಹೊಸ ಬೀಗ ಹಾಕುವ ಮುಂಚೆ ಮೂರೂ ಒಂದೇ ರೀತಿ ಇವೆಯೇ ಎಂದು ತಾಳೆ ನೋಡಬೇಕು. ಮೊದಲ ಎರಡು ತಾಳೆಯಾದವು. ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿ ಹಿಂದಿನ ವರ್ಷವೇ ಬಾಗಿಲು ಹಾಕಿಕೊಂಡಿತ್ತು. ಮೂರನೆಯ ಪ್ರತಿಯನ್ನು ಆಗಲೇ ಬೇರೆ ಕಡೆ ಸಾಗಿಸಿದ್ದೆವು. ಹಳೆಯ ಸರ್ವರಿನಲ್ಲಿದ್ದುದನ್ನು ಅಳಿಸಿದ್ದೇವೆ ಎಂಬ ಪತ್ರ ಅವರಿಂದ ಬಂದಿತ್ತೇ ಎಂದು ಹುಡುಕಲು ಗ್ರಂಥಾಲಯದ ಹಳೆಯ ಇಮೇಲ್ ಖಾತೆ ತೆರೆದೆ.

ಆ ಪತ್ರ ಇರಲಿಲ್ಲ. ಬೇರೊಂದು ಇತ್ತು. ಯಾರೋ ತಮ್ಮ ವ್ಯವಸ್ಥೆಗೆ ನುಗ್ಗಿ ಗ್ರಾಹಕರ ಕಡತಗಳನ್ನು ನಕಲು ಮಾಡಿಕೊಂಡು ಹೋಗಿದ್ದಾರೆ, ವಿಷಾದಿಸುತ್ತೇವೆ ಎಂದು ಕಂಪನಿ ಬರೆದಿತ್ತು. ಕೆಳಗಿನ ಪಟ್ಟಿಯಲ್ಲಿ ನಮ್ಮ ಗ್ರಂಥಾಲಯದ ಹೆಸರಿತ್ತು. ಪತ್ರ ಬಂದು ಒಂದು ವರ್ಷದ ಮೇಲಾಗಿತ್ತು. ವಾರಕ್ಕೊಮ್ಮೆ ಆ ಖಾತೆಯನ್ನು ನೋಡಬೇಕಾದವಳು ನಾನು. ಬರೀ ಜಾಹೀರಾತು ಬರುತ್ತವೆ ಎಂದು ನೋಡುವುದನ್ನು ಬಿಟ್ಟಿದ್ದೆ.

ಪ್ರಾಧ್ಯಾಪಕರಿಗೆ ಫೋನ್ ಮಾಡಿದೆ. “ನಮ್ಮ ಹತ್ತಿರ ಇರೋ ಪ್ರತಿಗಳಿಗೆ ಹೊಸ ಬೀಗ ಹಾಕ್ತೀವಿ ಸರ್. ಹೋಗಿರೋದಕ್ಕೆ?”

“ಹೋಗಿರೋದಕ್ಕೆ ಏನೂ ಮಾಡೋಕಾಗಲ್ಲ ಮೇಡಂ,” ಎಂದರು. “ಅದರ ತಲೆಯಲ್ಲಿ ಹಳೇ ಬೀಗಾನೇ ಇದೆ. ಈಗ ಯಾರೂ ತೆಗೆಯೋಕಾಗಲ್ಲ. ಮುಂದೆ ಯಾವತ್ತೋ…”

ಕಾರ್ಯದರ್ಶಿಗಳು ಈ ಸಲ ಅಂಗಡಿ ಬಿಟ್ಟು ಗ್ರಂಥಾಲಯಕ್ಕೇ ಬಂದರು. ಬಾಗಿಲು ಮುಂದೆ ಮಾಡಿ ಕೂತರು.

“ನೋಡಿಯಮ್ಮ, ಕದ್ದೋರಿಗೆ ಬೇಕಾಗಿದ್ದು ಬೇರೆ ಯಾರ್ದೋ ಇರ್ತದೆ. ಬ್ಯಾಂಕಿಂದೋ, ಕಂಪ್ನೀದೋ. ನಮ್ದು ಅದ್ರ ಜೊತೇಲಿ ಹೋಗೈತೆ. ಇಪ್ಪತ್ತು ವರ್ಸ ಕಾದು, ಒಂದು ಮುದ್ಕಿ ಮಾತಾಡಿರೋದ ಕೂತ್ಕಂಡು ಕೇಳ್ತಾರಾ? ಆಯಮ್ಮಂಗೆ ಎಂಬತ್ತು ದಾಟೈತೆ. ನೆಮ್ಮದಿಯಾಗಿ ಇರ್ಲಿ ಬುಡಿ. ಯೋಳ್ಬ್ಯಾಡಿ.”

ಅವರ ಮಾತನ್ನು ತೆಗೆದುಹಾಕುವಂತಿರಲಿಲ್ಲ. ಯಾರೂ ಕೇಳದೇ ಇರಬಹುದು. ಆ ಪ್ರತಿ ಯಾವುದೋ ಡಿಸ್ಕಿನಲ್ಲಿ ಕೊಳೆತು ಹೋಗಬಹುದು. ಆ ಮೆಷಿನ್ ಬರದೇ ಇರಬಹುದು. ಒಂದು ವಾರ ಹೀಗೆಯೇ ಯೋಚಿಸುತ್ತ ಕೆಲಸ ಮಾಡಿದೆ. ಇಂಟರ್ನೆಟ್ಟನ್ನೇ ಕಾಣದ ಒಂದು ಲ್ಯಾಪ್‌ಟಾಪಿನಲ್ಲಿ ಮೊಹರು ವಿಭಾಗದ ಫೈಲುಗಳನ್ನು ಒಂದೊಂದಾಗಿ ತೆರೆದು, ಹೊಸ ಕೀ ಹಾಕಿ, ಮತ್ತೆ ಮುಚ್ಚಿ, ತಾಳೆ ನೋಡಿ ಗುರುತು ಹಾಕುತ್ತಿದ್ದೆ. ಸರಿಯಾಗಿ ತೆರೆದಿದೆಯೇ ಎಂದು ಪರೀಕ್ಷಿಸಲು ಪ್ರತಿಯೊಂದರ ಒಂದು ನಿಮಿಷ ಕೇಳಬೇಕು. ಅಜ್ಜಿಯ ಆರನೆಯ ಗಂಟೆಯ ಫೈಲು ತೆರೆದಾಗ ಹೆಡ್‌ಫೋನಿನಲ್ಲಿ ಅವರ ದನಿ ಒಂದು ಊರಿನ ಹೆಸರು, ಒಂದು ಮನೆತನದ ಹೆಸರು, ಆಮೇಲೆ ಒಂದು ಹುಡುಗಿಯ ಹೆಸರು ಹೇಳಿತು. ಅಷ್ಟು ಸ್ಪಷ್ಟವಾಗಿ, ಪಕ್ಕದಲ್ಲೇ ಕೂತು ಹೇಳಿದಂತೆ.

ಹೆಡ್‌ಫೋನ್ ತೆಗೆದಿಟ್ಟೆ. ಹೇಳಿಯೇ ತೀರಬೇಕು ಎಂದು ಆಗ ತೀರ್ಮಾನಿಸಿದೆ. ಅಪಾಯ ಎಷ್ಟು ದೊಡ್ಡದು, ಎಷ್ಟು ಚಿಕ್ಕದು ಎಂದು ಅಳೆಯುವ ಹಕ್ಕು ನನಗಾಗಲಿ ಕಾರ್ಯದರ್ಶಿಗಳಿಗಾಗಲಿ ಇರಲಿಲ್ಲ. ಮಾತು ನಮ್ಮದಲ್ಲ.

ನಾನು ಹೋದಾಗ ಅಜ್ಜಿ ಮೊರದ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. “ಬಾ ಕಣವ್ವ, ಏನ್ ಈಟೊಂದು ಸೊರಗೋಗಿದ್ದೀಯ? ಕುತ್ಕೋ,” ಎಂದು ನನ್ನ ಮುಂದೆಯೂ ಒಂದು ಬೊಗಸೆ ಕಾಯಿ ಸುರಿದರು. ಸುಲಿಯುತ್ತ ಸುಲಿಯುತ್ತ ಹೇಳಿದೆ. ಕ್ವಾಂಟಮ್ ಎಂಬ ಪದವನ್ನು ನಾನು ಬಳಸಲಿಲ್ಲ.

“ಬೀಗ ಒಡುದ್ಬುಟ್ರಾ?”

“ಇಲ್ಲ ಅಜ್ಜಿ. ಬೀಗ ಹಾಕಿದ ಪೆಟ್ಟಿಗೇನೇ ಎತ್ಕೊಂಡು ಹೋಗವ್ರೆ. ಇವತ್ತಿಗೆ ಅದನ್ನ ಯಾರೂ ತೆಗೆಯೋಕಾಗಲ್ಲ. ಮುಂದೆ ತೆಗೆಯೋಂಥ ಮಿಷನ್ ಬರಬಹುದು. ಬರದೇನೂ ಇರಬಹುದು.”

“ಯಾವಾಗ ಬತ್ತದೆ?”

“ಗೊತ್ತಿಲ್ಲ.”

“ನಾನಿರಾಕಿಲ್ಲ.”

“ಇಲ್ಲ ಅಜ್ಜಿ.”

ಅಜ್ಜಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಒಂದೆರಡು ಕಾಯಿ ಆದ ಮೇಲೆ ಕೇಳಿದರು: “ಸೋಲೂರವಳ ಎಸ್ರು ಯೋಳಿವ್ನಾ ನಾನು ಅದ್ರಲ್ಲಿ?”

“ಹೇಳಿದ್ದೀರ.”

“ಇನ್ ಯಾರ್ದು?”

ನಾನು ಹೆಸರುಗಳನ್ನು ಹೇಳಿದೆ. ಅಜ್ಜಿ ಒಂದೊಂದಕ್ಕೂ “ಅವಳು ತೀರೋದ್ಲು”, “ಅವಳೂ ಓದ್ಲು, ಕೂಸೂ ಉಳೀನಿಲ್ಲ” ಎನ್ನುತ್ತ ಬಂದರು. ಕೊನೆಗೆ ಹೆತ್ತವಳೂ ಹುಟ್ಟಿದವಳೂ ಇಬ್ಬರೂ ಬದುಕಿರುವುದು ಒಂದೇ ಹೆಸರಿಗೆ ಬಂದು ನಿಂತಿತು. ಸೋಲೂರಿನ ಅಮ್ಮ.

ಇಲ್ಲೊಂದು ಮಾತು ಹೇಳಬೇಕು. ಇದನ್ನು ಬರೆಯುವ ಮುಂಚೆ ಆಕೆಯನ್ನು ಕೇಳಿದ್ದೇನೆ. ಊರು ಬದಲಾಯಿಸು ಎಂದರು. ಸೋಲೂರು ಆಕೆಯ ಊರಲ್ಲ. ಮನೆ, ಸಂಸಾರ, ವಯಸ್ಸು ಯಾವುದೂ ಇದ್ದ ಹಾಗೆ ಇಲ್ಲಿಲ್ಲ.

“ಗುಟ್ಟು ಅವಳ್ದು, ನಂದಲ್ಲ,” ಎಂದರು ಅಜ್ಜಿ. “ಅವಳ್ಗೆ ಯೋಳ್ಬೇಕು. ನಾಳೀಕೆ ಕರ್ಕಂಡೋಗು ನನ್ನ.”

ಮರುದಿನ ಬೆಳಿಗ್ಗೆ ಮಾಗಡಿಗೆ ಬಂದು, ಅಲ್ಲಿಂದ ಸೋಲೂರಿನ ಬಸ್ಸು ಹಿಡಿದೆವು. ಸೋಲೂರಿನ ಅಮ್ಮನ ಮನೆಯವರದು ತೆಂಗಿನಕಾಯಿ ವ್ಯಾಪಾರ. ಗಂಡು ಮಕ್ಕಳು ಮಂಡಿಗೆ ಹೋಗಿದ್ದರು, ಸೊಸೆ ಒಳಗಿದ್ದಳು. ಅಜ್ಜಿಯನ್ನು ಕಂಡು ಸೋಲೂರಿನ ಅಮ್ಮನ ಮುಖ ಅರಳಿತು. “ಏನಕ್ಕ, ಎಷ್ಟ್ ವರ್ಸ ಆಯ್ತು ನಿನ್ ಮೊಖ ಕಂಡು!” ಎಂದು ಕೈ ಹಿಡಿದುಕೊಂಡರು. ಅಜ್ಜಿ ಹಿತ್ತಲಿಗೆ ಹೋಗೋಣ ಎಂದರು. ಕಾಯಿ ಸುಲಿದು ಒಟ್ಟಿದ್ದ ಮಟ್ಟೆಯ ರಾಶಿಯ ಪಕ್ಕ, ನೆರಳಲ್ಲಿ ಮೂವರೂ ಕೂತೆವು.

ಅಜ್ಜಿ ಸುತ್ತಿ ಬಳಸಲಿಲ್ಲ. “ನಿನ್ ವಿಸ್ಯ ಈ ಮಗಳ ಮಿಷನ್ನಿಗೆ ಯೋಳಿದ್ದೆ ಕಣವ್ವ. ಬೀಗ ಆಕಿ ಮಡಗಿದ್ರು. ಅದ ಯಾರೋ ಕದ್ಕಂಡೋಗವ್ರೆ.”

ಆಕೆ ಮೊದಲು ಅಜ್ಜಿಯನ್ನು ನೋಡಿದರು, ಆಮೇಲೆ ನನ್ನನ್ನು. ಆಕೆಗೆ ಕಳ್ಳತನದ ಮಾತು ಕೇಳಿಸಿರಲೇ ಇಲ್ಲ.

“ಯೋಳಿದ್ಯಾ? ನೀನು?”

ಅಜ್ಜಿ ತಲೆ ತಗ್ಗಿಸಿದರು.

“ನನ್ ಗಂಡಂಗೆ ಗೊತ್ತಿರ್ನಿಲ್ಲ. ಮಣ್ಣಾಗೋಗಂಟ ಗೊತ್ತಾಗ್ನಿಲ್ಲ. ನಮ್ಮವ್ವ ಸಾಯೋವಾಗೂ ಬಾಯ್ ಬುಡ್ನಿಲ್ಲ. ನಿನ್ ಒಬ್ಬಳ್ನ ನಂಬಿದ್ದೆ ಕಣಕ್ಕ. ಯಾಕ್ ಯೋಳ್ದೆ?”

“ವಯಸ್ಸಾಯ್ತು. ನನ್ ಜೊತೇಲೆ ಓಗ್ಬುಟ್ರೆ ಆ ಕೂಸ್ಗಳು ಎಲ್ಲಿಂದ ಬಂದ್ವು ಅಂತ ಭೂಮಿ ಮ್ಯಾಲೆ ಒಬ್ರಿಗೂ ಗೊತ್ತಿರಾಕಿಲ್ಲ ಅನ್ನುಸ್ತು. ಅದ್ಕೆ.”

“ಗೊತ್ತಿಲ್ದೆ ಇದ್ರೆ ಏನಾಗ್ತಿತ್ತು?” ಎಂದರು ಆಕೆ. ಆಮೇಲೆ ನನ್ನ ಕಡೆ ತಿರುಗಿದರು. “ನೀನು ಓದ್ದೋಳು. ಅವಳು ನನ್ ಎಸ್ರು ಯೋಳೋವಾಗ, ಆ ಯೆಂಗ್ಸು ಬದ್ಕವಳಾ, ಅವಳ್ನ ಒಂದ್ ಮಾತು ಕೇಳ್ಬೇಕಾ ಅಂತ ನಿಂಗ್ ಅನ್ನುಸ್ನಿಲ್ವಾ?”

ಅನ್ನಿಸಿರಲಿಲ್ಲ. ಒಪ್ಪಂದದ ಹಾಳೆಯಲ್ಲಿ ಅಜ್ಜಿಯ ಹೆಬ್ಬೆಟ್ಟು ಇತ್ತು, ಸಾಕ್ಷಿಗಳ ಸಹಿ ಇತ್ತು, ನನ್ನ ಸಹಿ ಇತ್ತು. ಎಲ್ಲ ಕ್ರಮಬದ್ಧವಾಗಿತ್ತು. ಯಾರ ಬದುಕಿನ ಮಾತೋ ಅವರ ಗುರುತು ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ. ಇಷ್ಟು ದಿನ ನಾನು ಮುಂದೆ ಬರುವ ಒಂದು ಯಂತ್ರಕ್ಕೆ ಹೆದರಿ ಕೂತಿದ್ದೆ. ಆಕೆಯ ಗುಟ್ಟು ಮೊದಲು ಹೊರಬಿದ್ದದ್ದು ನನ್ನ ರೆಕಾರ್ಡರಿನ ಮುಂದೆ. ಅದನ್ನು ಆ ದಿನ ಮಟ್ಟೆ ರಾಶಿಯ ಪಕ್ಕದಲ್ಲಿ ಕೂತು ಅರ್ಥಮಾಡಿಕೊಂಡೆ. ತಪ್ಪಾಯಿತು ಎಂದೆ.

ಸೊಸೆ ಮಜ್ಜಿಗೆ ತಂದಳು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, “ಕಣ್ಗೆ ಮಟ್ಟೆ ದೂಳು ಬಿತ್ತು,” ಎಂದರು. ಸೊಸೆ ಒಳಗೆ ಹೋದ ಮೇಲೆ ದನಿ ತಗ್ಗಿಸಿದರು.

“ಆ ಕೂಸು ಐತಲ್ಲ, ಅವಳ ಮಗಳ ಮದ್ವೇಗೆ ಓಗಿದ್ದೆ. ಯಾರೋ ದೂರದ ಪರಿಚಯ ಅನ್ಕಂಡು. ಕುಬಸದ ಬಟ್ಟೆ ಕೊಟ್ಟೆ. ಉಂಡ್ಕಂಡು ಓಗವ್ವ ಅಂತ ಅವಳೇ ಕೈ ಹಿಡ್ದು ಕರುದ್ಲು. ಉಣ್ಣಕ್ಕಾಗ್ನಿಲ್ಲ, ಬಂದ್ಬುಟ್ಟೆ.” ಮಜ್ಜಿಗೆಯ ಲೋಟ ಪಕ್ಕಕ್ಕೆ ಸರಿಸಿ, “ನಿಮ್ಮತ್ರ ಇರೋದ ಅಳಿಸ್ಬುಡಿ,” ಎಂದರು.

ಅಜ್ಜಿಯೂ ಅದನ್ನೇ ಹೇಳಿದರು. ಹೆಸರಿರುವುದೆಲ್ಲ ಹೋಗಲಿ, ಔಷಧಿ, ಹೆರಿಗೆ ಹೊತ್ತಿಗೆ ಹಾಡುವ ಪದ ಉಳಿಯಲಿ ಎಂದರು.

ಹೇಳಿದಷ್ಟು ಸುಲಭವಿರಲಿಲ್ಲ. ಎರಡು ವಾರ ದಿನವೂ ಬೆಳಿಗ್ಗೆ ಆ ಲ್ಯಾಪ್‌ಟಾಪ್ ಹೊತ್ತು ಅಜ್ಜಿಯ ಮನೆಗೆ ಹೋದೆ. ಅಜ್ಜಿ ಹೆಡ್‌ಫೋನ್ ಹಾಕಿಕೊಂಡು ತಮ್ಮ ದನಿಯನ್ನೇ ಕೇಳುತ್ತ, ಬೇಡವೆನಿಸಿದ ಕಡೆ ಕೈ ಎತ್ತುತ್ತಿದ್ದರು. ನಾನು ಕತ್ತರಿಸುತ್ತಿದ್ದೆ. ಒಂದು ಬೇರಿನ ಕಷಾಯದ ಅಳತೆ ಹೇಳುವಾಗ ಅದನ್ನು ಕುಡಿದವಳ ಮನೆಯ ಗುರುತು ಬರುತ್ತಿತ್ತು. ಅಡ್ಡ ಕೂಸನ್ನು ತಿರುಗಿಸಿದ ಕ್ರಮ ಪೂರ್ತಿ ಒಬ್ಬಳ ಹೆರಿಗೆಯ ಕತೆಯೊಳಗೇ ಇತ್ತು. ಆ ಊರಿನಲ್ಲಿ ಅಂಥ ಹೆರಿಗೆ ಆದದ್ದು ಒಬ್ಬಳಿಗೇ. ಹೆಸರು ತೆಗೆದರೂ ಗುರುತು ಸಿಗುತ್ತಿತ್ತು. “ತೆಗಿ,” ಎನ್ನುತ್ತಿದ್ದರು ಅಜ್ಜಿ. ಕತ್ತರಿಸಿದ್ದರಲ್ಲಿ ಕೆಲವನ್ನು ಮತ್ತೆ ಹೇಳಿ ಎಂದು ಕೇಳಿದೆ. ಪ್ರಯತ್ನಿಸಿದರು. ಹೆಸರಿಲ್ಲದೆ ಅವರಿಗೆ ಔಷಧಿ ನೆನಪಾಗುತ್ತಿರಲಿಲ್ಲ.

ಒಂಬತ್ತು ಗಂಟೆಯಲ್ಲಿ ಉಳಿದದ್ದು ಎರಡು ಗಂಟೆಗೆ ಸ್ವಲ್ಪ ಹೆಚ್ಚು.

ಮೂಲವನ್ನು ಅಳಿಸಲು ಟ್ರಸ್ಟಿನ ಒಪ್ಪಿಗೆ ಬೇಕು. ಕಾರ್ಯದರ್ಶಿಗಳು ಸುಲಭಕ್ಕೆ ಒಪ್ಪಲಿಲ್ಲ. “ನಾವು ಅಳ್ಸಿದ್ರೆ ಕಳ್ಳನ್ ಹತ್ರ ಇರೋದು ಅಳ್ದೋಯ್ತದಾ? ನಮ್ದೂ ಓಯ್ತದೆ, ಅವನ್ದು ಉಳ್ಕತದೆ. ಇದ್ಯಾವ ನ್ಯಾಯ ಯೋಳಿ,” ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಹಿತ್ತಲಿನಲ್ಲಿ ಆಕೆ ನನ್ನನ್ನು ಕೇಳಿದ ಪ್ರಶ್ನೆಯನ್ನು ನಾನು ಅವರಿಗೆ ಇದ್ದ ಹಾಗೇ ಹೇಳಿದೆ. ಅವರು ನಡಾವಳಿ ಪುಸ್ತಕ ತೆರೆದು ಅಳಿಸುವ ನಿರ್ಣಯವನ್ನು ತಾವೇ ಬರೆದರು.

ಮೂರು ಕಡೆಯ ಪ್ರತಿಗಳನ್ನೂ ಅಳಿಸಿದೆ. ಮೂರು ಕಾಗದದ ಪಾಲುಗಳಲ್ಲಿ ಅಜ್ಜಿಯ ಧ್ವನಿಗೆ ಸೇರಿದವನ್ನು ಸುಟ್ಟೆವು. ಹಳೆಯ ಟೋಕನ್ನನ್ನು ಕಾರ್ಯದರ್ಶಿಗಳು ಅಂಗಡಿಯಿಂದ ಸುತ್ತಿಗೆ ತಂದು ಗ್ರಂಥಾಲಯದ ಮೆಟ್ಟಿಲ ಮೇಲಿಟ್ಟು ಒಡೆದರು. ಹದಿನೆಂಟು ವರ್ಷದಿಂದ ಉಳಿಸುವುದೇ ನನ್ನ ಕೆಲಸ. ಅಳಿಸಿ, ಅಳಿದಿದೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸಿದ್ದು ಅದೇ ಮೊದಲು. ಅಜ್ಜಿಯ ಪೂರ್ತಿ ದನಿ ಈಗ ಇರುವುದು ಒಂದೇ ಕಡೆ. ಅದು ಎಲ್ಲಿ, ಯಾರ ಕೈಯಲ್ಲಿ ಎಂದು ನನಗೆ ಗೊತ್ತಿಲ್ಲ.

ಕೆಲಸ ಮುಗಿಯಿತು ಎಂದು ತಿಳಿಸಲು ನಾನೊಬ್ಬಳೇ ಸೋಲೂರಿಗೆ ಹೋದೆ. ಆಕೆ ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬರುತ್ತಿದ್ದರು. ದಾರಿಯಲ್ಲೇ ನಿಂತೆವು.

“ಅಳಿಸಿದ್ದೀವಿ ಅಮ್ಮ.”

“ಅವರತ್ರ ಇರೋದು?”

“ಅದು ಐತೆ.”

ಆಕೆ ತಲೆಯಾಡಿಸಿದರು. “ಅವಳ್ಗೆ ಯೋಳ್ಬೇಕೋ ಬ್ಯಾಡ್ವೋ ನಾನು ನೋಡ್ಕತೀನಿ. ನೀವ್ಯಾರೂ ಅವಳ ಬಾಗ್ಲಿಗೆ ಓಗ್ಬ್ಯಾಡಿ,” ಎಂದರು. ಹೋಗುವುದಿಲ್ಲ ಎಂದು ಮಾತು ಕೊಟ್ಟೆ. ಹೊರಡಲು ತಿರುಗಿದೆ.

“ನಿಂತ್ಕೋ. ನೀನು ಕೇಳಿದ್ಯಲ್ಲ ಅದ. ನನ್ ಬಗ್ಗೆ ಏನ್ ಯೋಳಿದ್ಲು ಅಕ್ಕ?”

ನಾನು ನೆನಪಿದ್ದದ್ದನ್ನು ಹೇಳಿದೆ. ಬೆಳಕು ಹರಿಯುವ ಹೊತ್ತಿಗೆ ಹೆರಿಗೆಯಾಯಿತು. ಹೆಣ್ಣು ಕೂಸು. ಹಾಲು ಕುಡಿಸಬೇಡ, ಆಮೇಲೆ ಬಿಟ್ಟು ಕೊಡಲು ಆಗುವುದಿಲ್ಲ ಎಂದು ಅಜ್ಜಿ ಹೇಳಿದರೂ ಆ ಹುಡುಗಿ ಕೇಳಲಿಲ್ಲ. ಒಂದೇ ಸಲ ಕುಡಿಸಿದಳು. ಕೂಸನ್ನು ಸುತ್ತಿ ಎತ್ತಿಕೊಂಡಾಗ ಅಳಲಿಲ್ಲ, ಅಜ್ಜಿಯ ಸೆರಗು ಹಿಡಿದುಕೊಂಡಿದ್ದಳು. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

ಆಕೆ ಕ್ಯಾನನ್ನು ನೆಲಕ್ಕಿಟ್ಟು ಕೇಳಿಸಿಕೊಂಡರು.

“ಅಷ್ಟೇನಾ?”

“ಅಷ್ಟೇ ಅಮ್ಮ.”

“ಒಂದ್ ಬುಟ್ಟವ್ಳೆ,” ಎಂದರು. “ಬುಟ್ಟಿಲ್ಲ, ಅವಳ್ಗೆ ಗೊತ್ತಿಲ್ಲ. ಆಲು ಕುಡ್ಸೋವಾಗ ಅದ್ರ ಕಿವೀಲಿ ನಾನೊಂದ್ ಎಸ್ರು ಕೂಗಿದ್ದೆ.”

ಆ ಹೆಸರನ್ನು ನನಗೆ ಹೇಳಿದರು. ಹೇಳಿ, ಕ್ಯಾನು ಎತ್ತಿಕೊಂಡು ಮನೆಯ ಕಡೆ ನಡೆದರು.